ಹುಲ್ಲುಗಾವಲಿನ ಬೈಸನ್

ಅಮೆರಿಕದ ಬೈಸನ್‌ನಲ್ಲಿ ಎರಡು ಉಪಜಾತಿಗಳಿವೆ: ಕೆನಡಾದ ಉತ್ತರದ ಕಾಡುಗಳದ್ದು ಒಂದು, ಅಲ್ಲಿಂದ ಕೆಳಗೆ ಮೆಕ್ಸಿಕೊದ ಉತ್ತರದವರೆಗೆ ಹರಡಿದ್ದ ಹುಲ್ಲುಗಾವಲಿನದ್ದು ಇನ್ನೊಂದು. ಬಂಡೀಪುರ, ನಾಗರಹೊಳೆಯ ಕಾಟಿಗೆ ಇವು ದೂರದ ನಂಟರು. ಬಯಲಿನ ಗಂಡು ಬೈಸನ್ 900 ಕಿಲೋವರೆಗೂ ತೂಗುತ್ತದೆ. ಹೆಣ್ಣು ಸುಮಾರು ಅದರ ಅರ್ಧದಷ್ಟು.

ಭುಜದ ಮೇಲಿನ ಡುಬ್ಬ ಕೊಬ್ಬಿನ ಗಂಟಲ್ಲ. ಬೆನ್ನುಮೂಳೆಯಿಂದ ಮೇಲಕ್ಕೆ ಚಾಚಿದ ಉದ್ದನೆಯ ಎಲುಬುಗಳಿಗೆ ದಪ್ಪ ಸ್ನಾಯುಗಳು ಅಂಟಿಕೊಂಡು ಅದು ಎದ್ದಿದೆ. ಆ ಭಾರದ ತಲೆಯನ್ನು ಹೊರುವುದು ಈ ಸ್ನಾಯುಗಳೇ. ಚಳಿಗಾಲದಲ್ಲಿ ಬೈಸನ್ ತಲೆ ತಗ್ಗಿಸಿ, ಮೂತಿಯನ್ನು ಎಡಕ್ಕೂ ಬಲಕ್ಕೂ ಬೀಸುತ್ತ ಹಿಮವನ್ನು ತಳ್ಳಿ, ಅಡಿಯಲ್ಲಿರುವ ಒಣಹುಲ್ಲನ್ನು ಮೇಯುತ್ತದೆ. ಬೆನ್ನಿನ ಮೇಲೆ ಬಿದ್ದ ಹಿಮವೂ ಕರಗದಷ್ಟು ದಟ್ಟವಾಗಿರುತ್ತದೆ ಅದರ ತುಪ್ಪಳ. ಬೇಸಿಗೆಯಲ್ಲಿ ಹೊರಳಾಡಿ ಮಾಡಿದ ತಗ್ಗುಗಳಲ್ಲಿ ಮಳೆನೀರು ನಿಂತು ಕಪ್ಪೆಗಳಿಗೂ ಜೌಗು ನೆಲದ ಗಿಡಗಳಿಗೂ ನೆಲೆಯಾಗುತ್ತದೆ. ಜುಲೈ–ಆಗಸ್ಟ್‌ನಲ್ಲಿ ಬೆದೆಗಾಲ, ಒಂಬತ್ತೂವರೆ ತಿಂಗಳ ನಂತರ, ಹೊಸ ಹುಲ್ಲು ಚಿಗುರುವ ಹೊತ್ತಿಗೆ ಕೆಂಗಂದು ಬಣ್ಣದ ಕರು ಹುಟ್ಟುತ್ತದೆ.

ಕುದುರೆಗಳು ಬರುವ ಮೊದಲು ಮೂಲನಿವಾಸಿಗಳು ನಡೆದೇ ಬೇಟೆಯಾಡುತ್ತಿದ್ದರು. ಕೆನಡಾದ ಆಲ್ಬರ್ಟಾದ ‘ಹೆಡ್-ಸ್ಮ್ಯಾಶ್ಡ್-ಇನ್’ ಎಂಬಲ್ಲಿ ಕಲ್ಲುಗುಪ್ಪೆಗಳ ಸಾಲುಗಳ ನಡುವೆ ಹಿಂಡನ್ನು ಬಂಡೆಯಂಚಿಗೆ ಅಟ್ಟಿ ಕೆಳಕ್ಕೆ ಬೀಳಿಸುತ್ತಿದ್ದರು. ಈ ಜಾಗ ಸಾವಿರಾರು ವರ್ಷ ಬಳಕೆಯಲ್ಲಿತ್ತು. ಮಾಂಸವನ್ನು ಒಣಗಿಸಿ ಪುಡಿಮಾಡಿ, ಕೊಬ್ಬು ಬೆರೆಸಿ ಕೂಡಿಡುತ್ತಿದ್ದರು. ಚರ್ಮ ಡೇರೆಗೂ ಹೊದಿಕೆಗೂ, ಎಲುಬು ಸಲಕರಣೆಗಳಿಗೂ ಬರುತ್ತಿತ್ತು. ಇಂಥ ಬೇಟೆಯ ನಡುವೆಯೂ ಕೋಟಿಗಟ್ಟಲೆ ಬೈಸನ್ ಬದುಕಿದ್ದವು.

ಸರ್ವನಾಶ ತಂದದ್ದು ಚರ್ಮದ ವ್ಯಾಪಾರ. 1871ರ ಸುಮಾರಿಗೆ ಬೈಸನ್ ಚರ್ಮವನ್ನು ಗಟ್ಟಿ ತೊಗಲಾಗಿ ಹದಮಾಡುವ ವಿಧಾನ ಕೈಗೂಡಿತು. ಕಾರ್ಖಾನೆಗಳ ಯಂತ್ರಗಳಿಗೆ ಅದರ ಬೆಲ್ಟುಗಳು ಬೇಕಾಗಿದ್ದವು. ಸಾಗಿಸಲು ರೈಲು, ದೂರದಿಂದ ಹೊಡೆಯಲು ಬಂದೂಕು ಸಿದ್ಧವಿದ್ದವು. ಚರ್ಮ ಸುಲಿದು ಮಾಂಸವನ್ನು ಬಯಲಲ್ಲೇ ಕೊಳೆಯಲು ಬಿಡುತ್ತಿದ್ದರು. ಬೈಸನ್ ಅಳಿದರೆ ಮೂಲನಿವಾಸಿಗಳು ಮಣಿಯುತ್ತಾರೆಂಬ ಲೆಕ್ಕಾಚಾರ ಅಮೆರಿಕದ ಸೇನೆಯ ಹಲವು ಅಧಿಕಾರಿಗಳಲ್ಲಿತ್ತು. ಈ ಕ್ರೌರ್ಯವನ್ನು ಬರಿಯ ವ್ಯಾಪಾರದ ಲೆಕ್ಕಕ್ಕೆ ಹಾಕಲಾಗದು. ದಕ್ಷಿಣದ ಹಿಂಡುಗಳು 1870ರ ದಶಕದ ಕೊನೆಗೆ, ಉತ್ತರದವು 1883ರ ಹೊತ್ತಿಗೆ ಮುಗಿದವು. 1889ರಲ್ಲಿ ಪ್ರಾಣಿಶಾಸ್ತ್ರಜ್ಞ ವಿಲಿಯಂ ಹಾರ್ನಡೆ ಲೆಕ್ಕಹಾಕಿದಾಗ, ಸಾಕಿದವೂ ಸೇರಿ ಸಿಕ್ಕಿದ್ದು ಒಟ್ಟು 1,091.

ತಳಿ ಉಳಿದದ್ದು ಕೆಲವು ಜಾನುವಾರು ಸಾಕಣೆದಾರರ ಹಿಂಡುಗಳಿಂದ ಮತ್ತು ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಅಡಗಿದ್ದ ಎರಡು ಡಜನ್‌ನಷ್ಟು ಕಾಡು ಬೈಸನ್‌ಗಳಿಂದ. 1907ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ 15 ಬೈಸನ್‌ಗಳನ್ನು ರೈಲಿನಲ್ಲಿ ಒಕ್ಲಹೋಮಾಕ್ಕೆ ಸಾಗಿಸಿ ಬಿಡಲಾಯಿತು. ಎಲ್ಲ ಸಾಗಣೆಯೂ ಒಳಿತು ಮಾಡಲಿಲ್ಲ. 1925ರಿಂದ 1928ರವರೆಗೆ ಕೆನಡಾ 6,000ಕ್ಕೂ ಹೆಚ್ಚು ಬಯಲು ಬೈಸನ್‌ಗಳನ್ನು ವುಡ್ ಬಫಲೋ ಉದ್ಯಾನಕ್ಕೆ ಒಯ್ದಿತು. ಅವುಗಳ ಜೊತೆ ಕ್ಷಯವೂ ಗರ್ಭಪಾತ ತರುವ ಬ್ರುಸೆಲ್ಲೋಸಿಸ್ ರೋಗವೂ ಹೋದವು, ಕಾಡಿನ ಉಪಜಾತಿಯೊಂದಿಗೆ ತಳಿ ಬೆರೆಯಿತು.

ಇಂದು ಲಕ್ಷಗಟ್ಟಲೆ ಬೈಸನ್‌ಗಳಿದ್ದರೂ ಹೆಚ್ಚಿನವು ಮಾಂಸಕ್ಕಾಗಿ ಬೇಲಿಯೊಳಗೆ ಬೆಳೆಯುವಂಥವು. ಸಂರಕ್ಷಣೆಗೆಂದೇ ಇರುವ ಬಯಲು ಬೈಸನ್ ಸುಮಾರು 20,000 ಮಾತ್ರ. ಹಿಂದೆ ದನಗಳೊಂದಿಗೆ ಮಾಡಿಸಿದ ಅಡ್ಡತಳಿಯ ಗುರುತು ಅವುಗಳ ವಂಶವಾಹಿಗಳಲ್ಲಿ ಇನ್ನೂ ಇದೆ. ಯೂಟಾದ ಹೆನ್ರಿ ಬೆಟ್ಟಗಳ ಹಿಂಡಿನಲ್ಲಿ ಸಂಖ್ಯೆ ಮಿತಿಮೀರದಂತೆ ಪರವಾನಗಿಯ ಬೇಟೆ ನಡೆಯುತ್ತದೆ. ಯೆಲ್ಲೋಸ್ಟೋನ್‌ನ ಬೈಸನ್‌ಗಳು ಚಳಿಗಾಲದಲ್ಲಿ ಉದ್ಯಾನದ ಗಡಿ ದಾಟಿದರೆ ದನಗಳಿಗೆ ಬ್ರುಸೆಲ್ಲೋಸಿಸ್ ತಗುಲೀತೆಂಬ ಭಯದಿಂದ ಬಹಳಷ್ಟನ್ನು ಕೊಲ್ಲಲಾಗಿದೆ, ಆ ರೋಗ ಮೊದಲು ಅವಕ್ಕೆ ಬಂದದ್ದು ದನಗಳಿಂದಲೇ ಆದರೂ. 2019ರಿಂದ, ಪ್ರತ್ಯೇಕವಾಗಿಟ್ಟು ರೋಗವಿಲ್ಲವೆಂದು ಖಚಿತಪಡಿಸಿಕೊಂಡವನ್ನು ಮೊಂಟಾನಾದ ಫೋರ್ಟ್ ಪೆಕ್ ಬುಡಕಟ್ಟುಗಳಿಗೆ ಒಪ್ಪಿಸಲಾಗುತ್ತಿದೆ. ಅಲ್ಲಿಂದ ಅವು ಇತರ ಬುಡಕಟ್ಟುಗಳ ನೆಲಕ್ಕೂ ಹೋಗುತ್ತಿವೆ.