ಹೊಸ ನರ್ಸ್‌ಗಳಿಗೆ ಸ್ವಂತ ಹೊಣೆಗಾರಿಕೆ ವಿಮೆ ಏಕೆ?

ಬೆಂಗಳೂರು: ನರ್ಸಿಂಗ್ ಪದವಿ ಪಡೆದು, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿ ವಾರ್ಡಿಗೆ ಕಾಲಿಟ್ಟ ದಿನದಿಂದಲೇ ನರ್ಸ್ ತಮ್ಮ ಕೆಲಸಕ್ಕೆ ಕಾನೂನಿನ ಮುಂದೆ ಉತ್ತರದಾಯಿ. ವೈದ್ಯರು 'ಪ್ರೊಫೆಷನಲ್ ಇಂಡೆಮ್ನಿಟಿ' ಪಾಲಿಸಿ ಮಾಡಿಸುವುದು ರೂಢಿಯಲ್ಲಿದೆ. ಆದರೆ ನಮಗೇಕೆ ಅದು, ಆಸ್ಪತ್ರೆಯ ವಿಮೆ ಇದೆಯಲ್ಲ ಎಂಬುದು ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್‌ಗಳ ಪ್ರಶ್ನೆ.

ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪಿತ್ತಿತು. 1998ರ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆ ಪ್ರಕರಣದಲ್ಲಿ, ನೋಂದಣಿಯಿಲ್ಲದ ನರ್ಸ್ ನೀಡಿದ ತಪ್ಪು ಚುಚ್ಚುಮದ್ದಿನಿಂದ ಮಗುವಿನ ಮೆದುಳಿಗೆ ಶಾಶ್ವತ ಹಾನಿಯಾಗಿತ್ತು. ಮಗುವಿಗೆ 12.5 ಲಕ್ಷ, ಪೋಷಕರಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಕೋರ್ಟ್ ಎತ್ತಿಹಿಡಿಯಿತು. ನೌಕರರ ತಪ್ಪಿಗೆ ಆಸ್ಪತ್ರೆಯೂ ಹೊಣೆ ಎಂಬುದು ಇದರಿಂದ ಸ್ಪಷ್ಟ.

ಹಾಗೆಂದು ದೂರುದಾರರು ನರ್ಸ್ ಹೆಸರನ್ನೂ ಸೇರಿಸುವುದನ್ನು ಯಾರೂ ತಡೆಯಲಾಗದು. ಆಸ್ಪತ್ರೆಯ ಪಾಲಿಸಿ ಮೊದಲು ಕಾಯುವುದು ಆಸ್ಪತ್ರೆಯ ಹಿತವನ್ನು. ತಪ್ಪು ಯಾರದೆಂಬ ವಿವಾದ ಇಬ್ಬರ ನಡುವೆಯೇ ಎದ್ದರೆ ನರ್ಸ್‌ಗೆ ಪ್ರತ್ಯೇಕ ವಕೀಲರು ಬೇಕಾಗುತ್ತಾರೆ. ಮನೆಗೆ ಹೋಗಿ ಮಾಡುವ ಖಾಸಗಿ ಶುಶ್ರೂಷೆಗೆ ಆ ಪಾಲಿಸಿಯ ಆಸರೆ ಇರದು.

ಕ್ರಿಮಿನಲ್ ಮೊಕದ್ದಮೆಯ ಮಾತು ಬೇರೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಗರಿಷ್ಠ 5 ವರ್ಷ ಸೆರೆವಾಸ. ಚಿಕಿತ್ಸೆಯ ವೇಳೆ ನೋಂದಾಯಿತ ವೈದ್ಯರಿಂದ ಹೀಗಾದರೆ ಗರಿಷ್ಠ 2 ವರ್ಷ. ಈ ರಿಯಾಯಿತಿಯ ವ್ಯಾಖ್ಯೆಯಲ್ಲಿ ನರ್ಸ್‌ಗಳು ಸೇರಿಲ್ಲ. ಶಿಕ್ಷೆಯನ್ನಾಗಲಿ ದಂಡವನ್ನಾಗಲಿ ಯಾವ ವಿಮೆಯೂ ಭರಿಸದು. ವಕೀಲರ ವೆಚ್ಚ ಸಿಗುವುದೇ ಎಂಬುದನ್ನು ಪಾಲಿಸಿಯ ಷರತ್ತು ನೋಡಿಯೇ ತಿಳಿಯಬೇಕು.

ದಿನಾಂಕವೇ ಮುಖ್ಯ

ಈ ಪಾಲಿಸಿಗಳು ಸಾಮಾನ್ಯವಾಗಿ ಕ್ಲೇಮು ಬಂದ ದಿನವನ್ನು ಆಧರಿಸಿರುತ್ತವೆ. ಘಟನೆ ನಡೆದಾಗ ಪಾಲಿಸಿ ಇದ್ದರೆ ಸಾಲದು, ನೋಟಿಸ್ ಬಂದಾಗಲೂ ಅದು ಚಾಲ್ತಿಯಲ್ಲಿರಬೇಕು. ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಲು 2 ವರ್ಷ ಅವಕಾಶವಿದೆ. ಕೆಲಸ ಬದಲಿಸುವಾಗ ನವೀಕರಣ ಮರೆತರೆ ಕಟ್ಟಿದ ಪ್ರೀಮಿಯಂ ನೀರಿನಲ್ಲಿ ಹೋಮ ಮಾಡಿದಂತೆ.

ಸಹಿ ಹಾಕುವ ಮುನ್ನ

* ನಿಮ್ಮ ಹೆಸರು ಆಸ್ಪತ್ರೆಯ ಪಾಲಿಸಿಯಲ್ಲಿ ಸೇರಿದೆಯೇ ಎಂದು ಲಿಖಿತವಾಗಿ ಕೇಳಿ.
* ಒಂದು ಘಟನೆಗೆ ಎಷ್ಟು, ಇಡೀ ವರ್ಷಕ್ಕೆ ಎಷ್ಟು ಮೊತ್ತ ಸಿಗುತ್ತದೆ ಎಂಬುದನ್ನು ಬೇರೆಬೇರೆಯಾಗಿ ನೋಡಿ.
* ಪೂರ್ವಾನ್ವಯ ದಿನಾಂಕ ಯಾವುದೆಂದು ಗಮನಿಸಿ. ಅದಕ್ಕಿಂತ ಹಿಂದಿನ ಘಟನೆಗೆ ರಕ್ಷಣೆಯಿಲ್ಲ.
* ಕೌನ್ಸಿಲ್ ನೋಂದಣಿ ಊರ್ಜಿತವಾಗಿರಲಿ.
* ನೋಟಿಸ್ ಬಂದ ಕೂಡಲೇ ವಿಮಾ ಕಂಪನಿಗೆ ತಿಳಿಸಿ. ಅವರ ಒಪ್ಪಿಗೆಯಿಲ್ಲದೆ ರಾಜಿ ಮಾಡಿಕೊಳ್ಳಬೇಡಿ.

ವಿಮೆ ಇದ್ದರೂ ಆಯೋಗದ ಮುಂದೆ ಮಾತನಾಡುವುದು ಕೇಸ್‌ಶೀಟ್. ಯಾವ ಔಷಧ, ಎಷ್ಟು ಪ್ರಮಾಣ, ಎಷ್ಟು ಗಂಟೆಗೆ ಕೊಟ್ಟಿರಿ, ವೈದ್ಯರಿಗೆ ಯಾವಾಗ ತಿಳಿಸಿದಿರಿ ಎಂಬುದನ್ನು ಆಗಿಂದಾಗಲೇ ಬರೆದಿಡುವುದು ಪ್ರೀಮಿಯಂ ಇಲ್ಲದ ಮೊದಲ ರಕ್ಷಣೆ.