ಇರುಳಿನ ಆಕಾಶದಲ್ಲಿ ಡ್ರೋನುಗಳೂ ಬಾಣಬಿರುಸುಗಳೂ

2024ನೆಯ ಇಸವಿಯ ಮೈಸೂರು ದಸರೆಯಲ್ಲಿ ಬನ್ನಿಮಂಟಪದ ಪಂಜಿನ ಕವಾಯತಿನ ಮೈದಾನದ ಮೇಲೆ 1500 ಡ್ರೋನುಗಳು ಒಟ್ಟಿಗೆ ಹಾರಿ ಆಕಾಶದಲ್ಲಿ ಬೆಳಕಿನ ಚಿತ್ರಗಳನ್ನು ಬರೆದುದು ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ತಿಳಿದ ವಿಷಯವೇ. ಅಂದಿನಿಂದ ತರಗತಿಗಳಲ್ಲಿ ಒಂದು ಪ್ರಶ್ನೆಯು ಮತ್ತೆ ಮತ್ತೆ ಕೇಳಿಬರುತ್ತಿದೆ. ಕತ್ತಲೆಯಲ್ಲಿ ಅಷ್ಟು ಯಂತ್ರಗಳು ಹಾರುವಾಗ ಅವು ಒಂದಕ್ಕೊಂದು ತಾಗದಿರುವುದು ಹೇಗೆ? ಅವಕ್ಕೆ ಕಣ್ಣುಂಟೆಂದು ಕೆಲವರೂ, ಬುದ್ಧಿಯುಂಟೆಂದು ಕೆಲವರೂ, ಒಂದೊಂದನ್ನು ಒಬ್ಬೊಬ್ಬರು ಕೆಳಗೆ ನಿಂತು ನಡೆಸುತ್ತಾರೆಂದು ಇನ್ನು ಕೆಲವರೂ ಊಹಿಸಿದ್ದಾರೆ. ಈ ಮೂರು ಊಹೆಗಳಲ್ಲಿ ಒಂದೂ ಸರಿಯಲ್ಲ.

ಇಂಥ ಪ್ರದರ್ಶನವನ್ನು ನಾನು ಕಣ್ಣಾರೆ ಕಂಡುದು ಅದೇ ವರ್ಷದ ಜೂನ್ ತಿಂಗಳ ಕೊನೆಯಲ್ಲಿ, ಅಮೆರಿಕಾ ದೇಶದ ಟೆನ್ನೆಸ್ಸೀ ಸಂಸ್ಥಾನದಲ್ಲಿ. (ಶಾಲೆ ತೆರೆದ ತಿಂಗಳಿನಲ್ಲಿ ಮುಖ್ಯೋಪಾಧ್ಯಾಯಿನಿಯು ರಜೆಯ ಮೇಲೆ ಹೋದಳೆಂದು ಯಾರೂ ಆಶ್ಚರ್ಯಪಡಬಾರದು. ತಂಗಿಯ ಬಾಣಂತನಕ್ಕೆ ಹೋಗಿದ್ದೆನು. ಕೂಸುಗಳು ಶಾಲೆಯ ವೇಳಾಪಟ್ಟಿಯನ್ನು ನೋಡಿಕೊಂಡು ಹುಟ್ಟುವುದಿಲ್ಲ.) ಅಲ್ಲಿ ಸ್ಮೋಕೀ ಎಂಬ ಬೆಟ್ಟಸಾಲಿನ ತಪ್ಪಲಿನ ಪಿಜನ್ ಫೋರ್ಜ್ ಊರಿನಲ್ಲಿ ಡಾಲಿವುಡ್ ಎಂಬ ದೊಡ್ಡ ವಿನೋದೋದ್ಯಾನವುಂಟು. ಅದೇ ಸೀಮೆಯ ಬಡ ಮನೆಯಲ್ಲಿ ಹನ್ನೆರಡು ಮಕ್ಕಳಲ್ಲಿ ಒಬ್ಬಳಾಗಿ 1946ರಲ್ಲಿ ಹುಟ್ಟಿದ ಗಾಯಕಿ ಡಾಲಿ ಪಾರ್ಟನ್ ಎಂಬವರು ಅದರ ಪಾಲುಗಾರ್ತಿಯಾದುದರಿಂದ 1986ರಲ್ಲಿ ಉದ್ಯಾನಕ್ಕೆ ಆ ಹೆಸರು ಬಂದಿತು. ಆಕೆಯ ತಂದೆಗೆ ಓದುಬರಹ ಬಾರದು. ಅದನ್ನು ನೆನೆದು ಆಕೆ 1995ರಲ್ಲಿ ತನ್ನ ಸೀಮೆಯ ಎಳೆಯ ಮಕ್ಕಳಿಗೆ ತಿಂಗಳಿಗೊಂದರಂತೆ ಪುಸ್ತಕವನ್ನು ಉಚಿತವಾಗಿ ಕಳುಹಿಸುವ ಏರ್ಪಾಟನ್ನು ಆರಂಭಿಸಿದರು. ಉಪಾಧ್ಯಾಯಿನಿಯಾದ ನನಗೆ ಉದ್ಯಾನದ ಉಯ್ಯಾಲೆಗಳಿಗಿಂತ ಈ ಸಂಗತಿಯೇ ಹೆಚ್ಚು ಹಿಡಿಸಿತು.

ಜೂನ್ ಕೊನೆಯಲ್ಲಿ ಆ ಊರಿನಲ್ಲಿ ಸೂರ್ಯನು ಮುಳುಗುವುದು ರಾತ್ರಿ ಒಂಬತ್ತು ಗಂಟೆಗೆ ತುಸು ಮುಂಚೆ. ಪೂರ್ಣ ಕತ್ತಲಾದ ಮೇಲೆ ಸಂಗೀತವು ಮೊದಲಾಯಿತು. ಮರಗಳ ಹಿಂದಿನಿಂದ ಬೆಳಕಿನ ಚುಕ್ಕೆಗಳು ಸಾಲಾಗಿ ಮೇಲೆದ್ದು, ಕ್ಷಣಕಾಲ ಚೆಲ್ಲಾಪಿಲ್ಲಿಯಾದಂತೆ ತೋರಿ, ಅನಂತರ ರೆಕ್ಕೆ ಬಡಿಯುವ ಚಿಟ್ಟೆಯಾಗಿ ಕೂಡಿಕೊಂಡುವು. ಚಿಟ್ಟೆಯು ಆ ಉದ್ಯಾನದ ಗುರುತು. ನಡುನಡುವೆ ಬಾಣಬಿರುಸುಗಳು ಸಿಡಿದುವು. ತಂಗಿಯ ಹಿರಿಯ ಮಗಳು ನನ್ನ ಸೆರಗನ್ನೆಳೆದು, "ದೊಡ್ಡಮ್ಮಾ, ಅವಕ್ಕೆ ದಾರಿ ಯಾರು ಹೇಳುತ್ತಾರೆ?" ಎಂದು ಕೇಳಿದಳು. ನಮ್ಮ ಹುಡುಗಿಯರ ಪ್ರಶ್ನೆಗಿಂತ ಇದು ಒಂದು ಹೆಜ್ಜೆ ಮುಂದಿನದು. ಉತ್ತರವು ಇದರಲ್ಲಿಯೇ ಅಡಗಿದೆ.

ಡ್ರೋನೆಂಬುದು ಸಾಮಾನ್ಯವಾಗಿ ನಾಲ್ಕು ಪಂಖಗಳುಳ್ಳ ಪುಟ್ಟ ಹಾರುಯಂತ್ರ. ಎರಡು ಪಂಖಗಳು ಗಡಿಯಾರದ ಮುಳ್ಳಿನಂತೆಯೂ ಮಿಕ್ಕೆರಡು ಅದಕ್ಕೆ ಎದುರಾಗಿಯೂ ತಿರುಗುವುದರಿಂದ ಯಂತ್ರವು ತಾನೇ ಬುಗುರಿಯಂತೆ ಸುತ್ತುವುದಿಲ್ಲ. ಒಂದು ಪಕ್ಕದ ಪಂಖಗಳ ವೇಗವನ್ನು ಹೆಚ್ಚಿಸಿದರೆ ಯಂತ್ರವು ಮತ್ತೊಂದು ಪಕ್ಕಕ್ಕೆ ವಾಲಿ ಅತ್ತ ಸಾಗುತ್ತದೆ. ಹೊಟ್ಟೆಯ ಕೆಳಗಿನ ದೀಪದಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳಿರುತ್ತವೆ. ಅವುಗಳ ಮಿಶ್ರಣದಿಂದ ಬೇಕಾದ ಬಣ್ಣವೆಲ್ಲವೂ ಬರುತ್ತದೆ.

ಇನ್ನು ದಾರಿಯ ವಿಷಯ. ಚಿತ್ರಕಾರರು ಮೊದಲು ಗಣಕಯಂತ್ರದಲ್ಲಿ ಚಿತ್ರಗಳನ್ನು ಚುಕ್ಕೆಗಳಾಗಿ ಬರೆಯುತ್ತಾರೆ. ನಮ್ಮ ಅಂಗಳದ ಚುಕ್ಕಿರಂಗೋಲಿಯನ್ನು ನೆಲದಿಂದೆತ್ತಿ ಆಕಾಶಕ್ಕೆ ತೂಗುಹಾಕಿದರೆ ಹೇಗೋ ಹಾಗೆ. ಪ್ರತಿ ಚುಕ್ಕೆಗೂ ಮೂರು ಸಂಖ್ಯೆಗಳುಂಟು: ಎಡಬಲಕ್ಕೆ ಎಷ್ಟು, ಹಿಂದುಮುಂದಕ್ಕೆ ಎಷ್ಟು, ಎತ್ತರಕ್ಕೆ ಎಷ್ಟು. ಇವುಗಳೊಂದಿಗೆ ನಾಲ್ಕನೆಯದು ಕಾಲ. ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಸಾಗುವಾಗ ಯಾವ ಎರಡು ಚುಕ್ಕೆಗಳೂ ಗೊತ್ತಾದ ಅಂತರಕ್ಕಿಂತ ಹತ್ತಿರ ಬಾರದಂತೆ ಗಣಕಯಂತ್ರವು ದಾರಿಗಳನ್ನು ಮೊದಲೇ ಲೆಕ್ಕಮಾಡುತ್ತದೆ. ಹಾರುವುದಕ್ಕೆ ಮುಂಚೆ ಪ್ರತಿ ಡ್ರೋನಿಗೂ ಅದರ ದಾರಿಯನ್ನು ಮಾತ್ರ ತುಂಬಿಸುತ್ತಾರೆ. ನಿರ್ದೇಶಾಂಕ ರೇಖಾಗಣಿತದಿಂದ ಹೆಂಗಸರಿಗೇನು ಪ್ರಯೋಜನವೆಂದು ಗೊಣಗುವ ಹತ್ತನೆಯ ತರಗತಿಯವರು ಇದನ್ನು ಇನ್ನೊಮ್ಮೆ ಓದಬೇಕು.

ತಾನಿರುವ ಸ್ಥಳವನ್ನು ಡ್ರೋನು ತಿಳಿಯುವುದು ಉಪಗ್ರಹಗಳ ಸಂಕೇತದಿಂದ. ನಮ್ಮ ಕೈಯ ದೂರವಾಣಿಯಲ್ಲಿರುವ ಜಿ.ಪಿ.ಎಸ್. ವ್ಯವಸ್ಥೆಯು ಕೆಲವು ಮೀಟರುಗಳಷ್ಟು ತಪ್ಪಬಹುದು. ಅಷ್ಟು ತಪ್ಪಿದರೆ ಇಲ್ಲಿ ಡಿಕ್ಕಿಯೇ ಗತಿ. ಆದುದರಿಂದ ಮೈದಾನದಲ್ಲಿ, ಸ್ಥಾನವು ಖಚಿತವಾಗಿ ಗೊತ್ತಿರುವ ಒಂದು ಕಡೆ, ಒಂದು ಸ್ಥಿರಕೇಂದ್ರವನ್ನು ಇಡುತ್ತಾರೆ. ಉಪಗ್ರಹದ ಸಂಕೇತದಲ್ಲಿ ಆಗುತ್ತಿರುವ ತಪ್ಪೆಷ್ಟೆಂಬುದನ್ನು ಅದು ಅಳೆದು ಎಲ್ಲ ಡ್ರೋನುಗಳಿಗೂ ತಿಳಿಸುತ್ತದೆ. ಆಗ ತಪ್ಪು ಕೆಲವು ಸೆಂಟಿಮೀಟರುಗಳಿಗೆ ಇಳಿಯುತ್ತದೆ. ಉಪಗ್ರಹವೇ ಕಾಲವನ್ನೂ ತಿಳಿಸುವುದರಿಂದ ಎಲ್ಲವುಗಳ ಗಡಿಯಾರವೂ ಒಂದೇ.

ಹೀಗೆ ಸಾಮಾನ್ಯವಾಗಿ ಪ್ರದರ್ಶನದ ಡ್ರೋನು ತನ್ನ ನೆರೆಯವನನ್ನು ನೋಡುವುದೇ ಇಲ್ಲ. ಪಕ್ಕದಲ್ಲಿ ಇನ್ನೊಂದುಂಟೆಂಬುದು ಅದಕ್ಕೆ ತಿಳಿಯದು. ತಾನು ಚಿಟ್ಟೆಯ ರೆಕ್ಕೆಯಲ್ಲಿರುವೆನೆಂಬುದೂ ತಿಳಿಯದು. ತನ್ನ ಸ್ಥಾನ, ತನ್ನ ದಾರಿ, ಗಂಟೆ ಎಷ್ಟಾಯಿತು, ಇಷ್ಟೇ ಅದರ ವಿದ್ಯೆ.

ಡಾಲಿವುಡ್ಡಿಗೆ ಸಮೀಪದಲ್ಲಿಯೇ, ಸ್ಮೋಕೀ ಬೆಟ್ಟಗಳ ರಾಷ್ಟ್ರೀಯ ವನದ ಎಲ್ಕ್‌ಮಾಂಟ್ ಎಂಬಲ್ಲಿ, ಇದಕ್ಕೆ ತೀರ ವಿರುದ್ಧವಾದ ಒಂದು ದೃಶ್ಯವುಂಟು. ಪ್ರತಿವರ್ಷವೂ ಮೇ ಕೊನೆಯಿಂದ ಜೂನ್ ನಡುವಿನವರೆಗಿನ ಕೆಲವು ರಾತ್ರಿ ಅಲ್ಲಿಯ ಒಂದು ಜಾತಿಯ ಮಿಂಚುಹುಳುಗಳು ಒಟ್ಟಿಗೆ ಮಿನುಗುತ್ತವೆ. ಗಂಡುಹುಳುಗಳು ಐದಾರು ಬಾರಿ ಹೊಳೆದು, ಎಲ್ಲವೂ ಒಮ್ಮೆಗೇ ಆರಿ, ಕೆಲವು ಸೆಕೆಂಡುಗಳ ಕತ್ತಲೆಯ ಬಳಿಕ ಮತ್ತೆ ಹೊಳೆಯುತ್ತವೆ. ನೋಡಲು ಬರುವ ಜನರು ಅತಿಯಾದುದರಿಂದ ಚೀಟಿಯೆತ್ತಿ ಅನುಮತಿ ಕೊಡುತ್ತಾರೆ. ನಾನು ಹೋಗುವಷ್ಟರಲ್ಲಿ ಅವುಗಳ ಕಾಲವು ಮುಗಿದಿತ್ತು. ಆ ಕೊರತೆ ನನಗಿನ್ನೂ ಉಂಟು. ಅಲ್ಲಿ ಸೂತ್ರಧಾರನೂ ಇಲ್ಲ, ಮೊದಲೇ ಬರೆದ ಲೆಕ್ಕವೂ ಇಲ್ಲ. ಪ್ರತಿ ಹುಳುವೂ ನೆರೆಯ ಹುಳುವಿನ ಬೆಳಕನ್ನು ನೋಡಿ ತನ್ನದನ್ನು ಹೊಂದಿಸಿಕೊಳ್ಳುತ್ತದೆ. ಕೋಟಿಗಟ್ಟಲೆ ವೆಚ್ಚದ ಯಂತ್ರಗಳಿಗಿಲ್ಲದ ಕಣ್ಣು ಈ ಹುಳುವಿಗುಂಟು.

ಡ್ರೋನಿಗೆ ಕಣ್ಣಿಲ್ಲವಾದುದರಿಂದ ಹಾರುವ ಮುಂಚಿನ ಸಿದ್ಧತೆಯೇ ಅದಕ್ಕೆ ಸರ್ವಸ್ವವು. 2024ರ ಡಿಸೆಂಬರ್ ತಿಂಗಳಿನಲ್ಲಿ ಫ್ಲಾರಿಡಾ ಸಂಸ್ಥಾನದ ಆರ್ಲಾಂಡೋ ನಗರದ ಒಂದು ಕೆರೆಯ ಬಳಿ ಹಬ್ಬದ ಪ್ರದರ್ಶನ ನಡೆದಾಗ ಡ್ರೋನುಗಳು ಒಂದಕ್ಕೊಂದು ತಾಗಿ ಉದುರಿದುವು; ಒಂದು ಜನರತ್ತ ಬಂದು ಬಡಿದು ಏಳು ವರ್ಷದ ಹುಡುಗನೊಬ್ಬನಿಗೆ ಕಠಿಣವಾದ ಗಾಯವಾಯಿತು. ಹಾರಿಸುವ ಮುಂಚಿನ ಸಿದ್ಧತೆಯಲ್ಲಿ ತಪ್ಪುಗಳಾಗಿದ್ದುವೆಂದು ಸರಕಾರದ ಪ್ರಾಥಮಿಕ ವರದಿಯು ಹೇಳಿತು. ಗೊತ್ತಾದ ಎಲ್ಲೆಯನ್ನು ದಾಟಿದ ಡ್ರೋನು ತಾನಾಗಿಯೇ ಹಿಂದಿರುಗುವಂತೆ ಅಥವಾ ನಿಂತುಹೋಗುವಂತೆ ಮಾಡುವ ಅದೃಶ್ಯ ಬೇಲಿಯನ್ನು ಲೆಕ್ಕದಲ್ಲಿಯೇ ಹಾಕಿರುತ್ತಾರೆ. ಆದರೆ ಬೇಲಿಯನ್ನು ಹಾಕುವವರೂ ಮನುಷ್ಯರೇ. ಜನರನ್ನು ಹಾರುವ ಸ್ಥಳದಿಂದ ದೂರ ಕುಳ್ಳಿರಿಸುವುದನ್ನು ಕಂಡು ಬೇಸರಪಡುವವರು ಈ ಹುಡುಗನನ್ನು ನೆನೆಯಬೇಕು.

ಹಾಗಾದರೆ ಬಾಣಬಿರುಸೇ ಮೇಲೆನ್ನೋಣವೇ? ಅದರ ಮೂಲವಸ್ತು ಚೀನಾದಲ್ಲಿ ಹುಟ್ಟಿದ ಕಪ್ಪು ಮದ್ದು, ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಬಣ್ಣವು ಲೋಹಗಳ ಲವಣದಿಂದ: ಸ್ಟ್ರಾನ್ಷಿಯಮ್ಮಿನಿಂದ ಕೆಂಪು, ಬೇರಿಯಮ್ಮಿನಿಂದ ಹಸಿರು, ಸೋಡಿಯಮ್ಮಿನಿಂದ ಹಳದಿ, ತಾಮ್ರದಿಂದ ನೀಲಿ. ನೀಲಿಯು ಬಹು ಕಷ್ಟದ ಬಣ್ಣ. ಕಾವು ಮಿತಿಮೀರಿದರೆ ಅದನ್ನು ಕೊಡುವ ತಾಮ್ರದ ಸಂಯುಕ್ತವೇ ಒಡೆದುಹೋಗುತ್ತದೆ. ಡ್ರೋನಿನ ದೀಪಕ್ಕೆ ಈ ತೊಂದರೆಯಿಲ್ಲ. ಬೇರಿಯಂ ಲವಣಗಳು ಆರೋಗ್ಯಕ್ಕೆ ಕೆಡುಕಾದುದರಿಂದ ನಮ್ಮ ದೇಶದ ಸುಪ್ರೀಂ ಕೋರ್ಟು 2018ರಲ್ಲಿ ಪಟಾಕಿಗಳಲ್ಲಿ ಅವನ್ನು ಬಳಸಕೂಡದೆಂದು ಆಜ್ಞೆಮಾಡಿತು. ಹೊಗೆಯನ್ನೂ ಸದ್ದನ್ನೂ ಒತ್ತಟ್ಟಿಗಿಡೋಣ. 2023ರ ಅಕ್ಟೋಬರ್ 7ರಂದು ಬೆಂಗಳೂರಿನ ಹತ್ತಿರದ ಅತ್ತಿಬೆಲೆಯಲ್ಲಿ ಪಟಾಕಿಯ ಮಳಿಗೆಗೆ ಬೆಂಕಿ ಬಿದ್ದು 14ಕ್ಕೂ ಹೆಚ್ಚು ಮಂದಿ ಸತ್ತುದನ್ನು ಒತ್ತಟ್ಟಿಗಿಡಲಾಗದು. ಸತ್ತವರಲ್ಲಿ ಬಹುಮಂದಿ ಹಬ್ಬದ ವ್ಯಾಪಾರದ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದಿದ್ದ ತರುಣರು. ನೋಡುವವರ ಮೇಲೆ ಒಂದು ಕಿಡಿಯೂ ಬೀಳದಿದ್ದರೂ, ತಯಾರಿಸಿ ಸಾಗಿಸುವವರ ಪಾಲಿಗೆ ಈ ಆಟದಲ್ಲಿ ಪ್ರಾಣವೇ ಪಣ. ನನ್ನ ಮಟ್ಟಿಗೆ, ಶಾಲೆಯ ಉತ್ಸವಕ್ಕೆ ಎರಡರಲ್ಲಿ ಒಂದನ್ನು ಆರಿಸೆಂದರೆ ಡ್ರೋನನ್ನೇ ಆರಿಸುವೆನು, ಅದೂ ಹಣವಿದ್ದರೆ.

ಆದರೂ ಆ ರಾತ್ರಿ ಜನರು ಹೋ ಎಂದು ಕೂಗಿದುದು ಬಿರುಸುಗಳಿಗೇ. ಡ್ರೋನಿನ ಚಿತ್ರವನ್ನು ಕಂಡಾಗ ಎಲ್ಲರೂ ಮೌನವಾಗಿ ತಲೆಯೆತ್ತಿ ನಿಲ್ಲುತ್ತಿದ್ದರು. ಬಿರುಸಿನ ಬೆಳಕು ಕಂಡ ತುಸು ಹೊತ್ತಿನ ಮೇಲೆ ಸದ್ದು ಬಂದು ಎದೆಗೆ ಬಡಿಯುತ್ತದೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ಸಾಗುವುದೇ ಈ ತಡಕ್ಕೆ ಕಾರಣ. ಆ ಗುಡುಗು ಡ್ರೋನಿನಲ್ಲಿಲ್ಲ. ಮತ್ತು ಬಿರುಸಿನ ಹೂವು ಯಾವ ದಿಕ್ಕಿನಿಂದ ನೋಡಿದರೂ ದುಂಡಗೇ ಕಾಣುವುದು. ಡ್ರೋನಿನ ಚಿತ್ರಗಳೋ ಬಹುಮಟ್ಟಿಗೆ ಎದುರಿನಿಂದ ಮಾತ್ರ ಚಿತ್ರ, ಪಕ್ಕದಿಂದ ಬರಿಯ ಚುಕ್ಕೆಗಳ ಗೀಟು. ನೋಡಹೋಗುವವರು ಬೇಗ ಹೋಗಿ ಎದುರಿನ ಸ್ಥಳವನ್ನು ಹಿಡಿಯುವುದು ಮೇಲು. ವಿದ್ಯುತ್ಕೋಶದ ಶಕ್ತಿಯು ಹದಿನೈದಿಪ್ಪತ್ತು ನಿಮಿಷಕ್ಕೆ ಮುಗಿಯುವುದರಿಂದ ಆಟವು ಹತ್ತು ನಿಮಿಷದ ಸುಮಾರಿಗೆ ತೀರುತ್ತದೆ. ತಡವಾಗಿ ಬಂದವರಿಗೆ ಏನೂ ಸಿಕ್ಕದು. ಗಾಳಿ ಜೋರಾದರೆ, ಅಥವಾ ಮಳೆ ಬಂದರೆ, ಡ್ರೋನುಗಳನ್ನು ಹಾರಿಸುವುದೇ ಇಲ್ಲ. ಸ್ಮೋಕೀ ಬೆಟ್ಟಗಳಲ್ಲಿ ಬೇಸಗೆಯ ಸಂಜೆ ಗುಡುಗುಮಳೆ ಸಾಮಾನ್ಯ. ಆದುದರಿಂದ ಅಲ್ಲಿಗೆ ಹೋಗುವವರು ಕತ್ತಲಾಗುವ ಮುಂಚೆ, ಇಂದಿನ ಪ್ರದರ್ಶನವುಂಟೇ ಎಂದು ಉದ್ಯಾನದವರನ್ನು ಕೇಳಿಕೊಳ್ಳಬೇಕು.