ನಕ್ಷತ್ರಗಳ ಕುಲಗೋತ್ರ

ಮನುಷ್ಯನ ಜನ್ಮನಕ್ಷತ್ರವನ್ನು ವಿಚಾರಿಸುವವರು ನಮ್ಮಲ್ಲಿ ಮನೆಮನೆಗೂ ಇರುವರು. ನಕ್ಷತ್ರದ ಜನ್ಮವೃತ್ತಾಂತವನ್ನು ವಿಚಾರಿಸುವವರಾದರೋ ವಿರಳ. ಆರ್ದ್ರೆಯ ಮಳೆ ಎಂದೊಡನೆ ಎಲ್ಲೂರು, ಕಾಪುಗಳ ರೈತನಿಗೆ ಗದ್ದೆಯ ನೆನಪಾಗುವುದು. ಆರ್ದ್ರೆಯನ್ನು ಆಕಾಶದಲ್ಲಿ ತೋರಿಸೆಂದರೆ ಪಂಚಾಂಗ ಬಲ್ಲವರೂ ತಡವರಿಸುವುದುಂಟು. ಆದುದರಿಂದ ಖಗೋಳಶಾಸ್ತ್ರಜ್ಞರು ತಾರೆಗಳನ್ನು ಯಾವ ಲಕ್ಷಣಗಳಿಂದ ವರ್ಗೀಕರಿಸುವರೆಂಬುದನ್ನು ವಾಚಕರ ಮುಂದಿಡುವುದು ಅಪ್ರಸ್ತುತವಾಗದೆಂದು ಭಾವಿಸುತ್ತೇವೆ.

ಮೊದಲನೆಯ ಲಕ್ಷಣವು ಉಷ್ಣತೆ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣವು ಮೊದಲು ಕೆಂಪಾಗಿ, ಕಾವೇರಿದಂತೆ ಹಳದಿಯಾಗಿ, ಕಡೆಗೆ ಬೆಳ್ಳಗಾಗುವುದಷ್ಟೆ. ತಾರೆಗಳ ನಿಯಮವೂ ಇದೇ. ಮಾಘಮಾಸದ ರಾತ್ರಿ ತಲೆಯೆತ್ತಿ ನೋಡಿದರೆ ರೋಹಿಣಿಯೂ ಆರ್ದ್ರೆಯೂ ಕೆಂಪಗೆ, ಲುಬ್ಧಕವು ಬೆಳ್ಳಗೆ ಕಾಣುವುವು. ಆರ್ದ್ರೆಯ ಮೈಯ ಉಷ್ಣತೆ ಸುಮಾರು 3,600 ಕೆಲ್ವಿನ್; ನಮ್ಮ ಸೂರ್ಯನದು ಸುಮಾರು 5,800; ಲುಬ್ಧಕದ್ದು ಸುಮಾರು 10,000. ಅತ್ಯುಷ್ಣದಿಂದ ಮೊದಲ್ಗೊಂಡು ಒ, ಬಿ, ಎ, ಎಫ್, ಜಿ, ಕೆ, ಎಂ ಎಂದು ಏಳು ವರ್ಗಗಳು. ಸೂರ್ಯನು ಜಿ ವರ್ಗದವನು.

ಹಾರ್ವರ್ಡ್ ವೀಕ್ಷಣಾಲಯದ ಆನಿ ಜಂಪ್ ಕ್ಯಾನನ್ ಎಂಬ ವಿದುಷಿಯು ತಾರೆಗಳ ವರ್ಣಪಟಲದ ಕಪ್ಪುಗೆರೆಗಳನ್ನು ಪರೀಕ್ಷಿಸಿ 1901ರಲ್ಲಿ ಈ ಕ್ರಮವನ್ನು ಏರ್ಪಡಿಸಿದರು. ಆದರೆ ಜಲಜನಕದ ಗೆರೆಗಳು ಲುಬ್ಧಕದಲ್ಲಿ ದಟ್ಟವಾಗಿಯೂ ಸೂರ್ಯನಲ್ಲಿ ಕ್ಷೀಣವಾಗಿಯೂ ಇರುವುದೇಕೆ? ಇವೆರಡರ ದ್ರವ್ಯವೇ ಬೇರೆಯೋ? ಇದಕ್ಕೆ 1920ರಲ್ಲಿ ಉತ್ತರವಿತ್ತವರು ಢಾಕಾ ಸೀಮೆಯ ಹಳ್ಳಿಯೊಂದರ ಸಣ್ಣ ಅಂಗಡಿಕಾರರ ಮಗನಾದ ಮೇಘನಾದ ಸಾಹಾ ಅವರು. ಕಾವು ಏರಿದಂತೆ ಎಷ್ಟು ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವುವೆಂಬುದಕ್ಕೆ ಅವರು ಸೂತ್ರ ಕೊಟ್ಟರು. ಗೆರೆಗಳ ವ್ಯತ್ಯಾಸಕ್ಕೆ ಮುಖ್ಯ ಕಾರಣ ದ್ರವ್ಯಭೇದವಲ್ಲ, ಉಷ್ಣತೆಯ ಭೇದವೆಂದು ಇದರಿಂದ ಸಿದ್ಧವಾಯಿತು. ಈ ಸೂತ್ರವನ್ನೇ ಹಿಡಿದು 1925ರಲ್ಲಿ ಸಿಸಿಲಿಯಾ ಪೇನ್ ಎಂಬವರು ತಾರೆಗಳಲ್ಲಿ ಜಲಜನಕವೇ ಅತ್ಯಧಿಕವೆಂಬುದನ್ನು ಕಂಡುಹಿಡಿದರು.

ಎರಡನೆಯದು ಪ್ರಕಾಶ. ಕೈಯ ಟಾರ್ಚಿನ ಮುಂದೆ, 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭವು ದೂರದಿಂದ ಮಂಕಾಗಿ ತೋರಬಹುದು. ಅಷ್ಟರಿಂದ ಅದು ಸಣ್ಣ ದೀಪವಾಗದು. ಲುಬ್ಧಕವು ರಾತ್ರಿಯ ತಾರೆಗಳಲ್ಲೆಲ್ಲ ಉಜ್ವಲವಾಗಿ ತೋರುವುದಕ್ಕೆ ಅದು ಕೇವಲ 8.6 ಜ್ಯೋತಿರ್ವರ್ಷ ದೂರದಲ್ಲಿರುವುದೂ ಕಾರಣ. ಅದರ ನಿಜಪ್ರಕಾಶ ಸುಮಾರು 25 ಸೂರ್ಯರಷ್ಟು. ನೂರಾರು ಜ್ಯೋತಿರ್ವರ್ಷ ದೂರದ ಆರ್ದ್ರೆಯದೋ ಹತ್ತಾರು ಸಾವಿರ ಸೂರ್ಯರಷ್ಟು! ತಂಪಾದ ಕೆಲವು ತಾರೆಗಳ ನಿಜಪ್ರಕಾಶವನ್ನು ಅವುಗಳ ಕ್ಯಾಲ್ಸಿಯಂ ಗೆರೆಯ ಅಗಲದಿಂದಲೇ ಅರಿಯಬಹುದೆಂದು 1957ರಲ್ಲಿ ವಿಲ್ಸನ್ನರೊಡನೆ ತೋರಿಸಿಕೊಟ್ಟವರು ವೇಣು ಬಾಪು ಅವರು. ಇಂದು ಬೆಂಗಳೂರಿನಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಪ್ರಥಮ ನಿರ್ದೇಶಕರು ಇವರೇ.

ಮೂರನೆಯದು ಗಾತ್ರ. ತಂಪಾಗಿದ್ದೂ ಅಷ್ಟು ಬೆಳಕನ್ನು ಚೆಲ್ಲಬೇಕಾದರೆ ಆರ್ದ್ರೆಯ ಮೈ ಅತಿ ವಿಶಾಲವಾಗಿರಲೇಬೇಕು. ಸೂರ್ಯನ ಸ್ಥಾನದಲ್ಲಿ ಅದನ್ನಿಟ್ಟರೆ ಭೂಮಿ, ಮಂಗಳಗಳೆರಡೂ ಅದರೊಳಗೆ ಮುಳುಗುವುವು.

ನಾಲ್ಕನೆಯದು ದ್ರವ್ಯರಾಶಿ. ತಾರೆಯನ್ನು ತಕ್ಕಡಿಯಲ್ಲಿ ತೂಗಲಾಗದು. ಒಂದನ್ನೊಂದು ಸುತ್ತುವ ಜೋಡಿತಾರೆಗಳ ದೂರವನ್ನೂ ಸುತ್ತಿನ ಕಾಲವನ್ನೂ ಅಳೆದು ಲೆಕ್ಕ ಹಾಕುವರು. ಹೀಗೆ ಲುಬ್ಧಕದ ತೂಕ ಎರಡು ಸೂರ್ಯರಷ್ಟೆಂದೂ, ಅದರ ಸಂಗಾತಿಯು ಭೂಮಿಯಷ್ಟೇ ಗಾತ್ರದಲ್ಲಿ ಒಂದು ಸೂರ್ಯನ ತೂಕವನ್ನು ಅಡಗಿಸಿಕೊಂಡಿದೆಯೆಂದೂ ತಿಳಿಯಿತು. ತಾರೆಯ ಆಯುಷ್ಯವನ್ನು ನಿರ್ಣಯಿಸುವುದೂ ಮುಖ್ಯವಾಗಿ ಈ ತೂಕವೇ. ಸೂರ್ಯನ ಆಯುಷ್ಯ ಸುಮಾರು 1,000 ಕೋಟಿ ವರ್ಷ. ಹತ್ತುಪಟ್ಟು ತೂಕದ ತಾರೆಯು ಕೆಲವೇ ಕೋಟಿ ವರ್ಷಗಳಲ್ಲಿ ತನ್ನ ಬಂಡವಾಳವನ್ನು ಕರಗಿಸಿಬಿಡುವುದು. ಆಡಂಬರದ ಗೃಹಸ್ಥನ ಪಾಡೂ ಇದೇ ಅಲ್ಲವೇ!

ಇಷ್ಟೆಲ್ಲ ಜ್ಞಾನಕ್ಕೆ ಮೂಲವು ತಾರೆಯಿಂದ ಬರುವ ಒಂದಿಷ್ಟು ಬೆಳಕು. ಆ ಬೆಳಕೇ ಇಂದು ನಮ್ಮ ಕಣ್ಣಿಗೆ ದುರ್ಲಭವಾಗುತ್ತಿದೆ. 1,200 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರವಿರುವ ಎಲ್ಲೂರು ನಾಡಿಗೆ ದೀಪವನ್ನೀಯುವ ಊರು; ದೀಪ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಬೀದಿಗೆ ಬೀಳಬೇಕಾದ ಬೆಳಕು ಆಕಾಶಕ್ಕೆ ಹರಿದರೆ ವಿದ್ಯುತ್ತೂ ನಷ್ಟ, ನಕ್ಷತ್ರವೂ ನಷ್ಟ. ಬೀದಿದೀಪಕ್ಕೊಂದು ಮುಚ್ಚಳ ತೊಡಿಸುವುದು ಗ್ರಾಮ ಪಂಚಾಯತುಗಳಿಗೆ ಅಸಾಧ್ಯವಾದ ಕಾರ್ಯವಲ್ಲ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳವೀಕ್ಷಕರ ಸಂಘದಂತಹ ಕೂಟಗಳು ನಮ್ಮಲ್ಲಿವೆ. ಉಪಾಧ್ಯಾಯರು ವರ್ಷಕ್ಕೊಂದು ರಾತ್ರಿಯಾದರೂ ಮಕ್ಕಳನ್ನು ಕೊಯ್ಲಾದ ಗದ್ದೆಗೆ ಕರೆದೊಯ್ದು ರೋಹಿಣಿ, ಆರ್ದ್ರೆ, ಲುಬ್ಧಕಗಳ ಬಣ್ಣವನ್ನು ತೋರಿಸಲಿ. ಪುಸ್ತಕದ ಏಳು ಅಕ್ಷರಗಳ ಅರ್ಥ ಅಲ್ಲಿ ತಾನಾಗಿ ತಿಳಿದೀತು.